ಹೊಟ್ಟೆಯಲ್ಲಿ ಬೆಂಕಿ ಇದೆ ಅಂದರೆ ಅದು ಹೊಗಳಿಕೆಯಾ?

ಓದುಗರ ಪ್ರಶ್ನೆ: ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಈಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸಪೋರ್ಟ್ ಕೆಲಸ. ಮ್ಯಾನೇಜರ್ ಲಂಡನ್‌ನಲ್ಲಿದ್ದಾರೆ. ಈ ಸಲದ ಅಪ್ರೈಸಲ್‌ನಲ್ಲಿ ನನ್ನ ಬಗ್ಗೆ ‘ಶೀ ಹ್ಯಾಸ್ ಫೈರ್ ಇನ್ ಹರ್ ಬೆಲ್ಲಿ’ ಎಂದು ಬರೆದಿದ್ದಾರೆ. ನನಗೆ ಹೊಟ್ಟೆಕಿಚ್ಚು ಅಂತಲಾ? ಕೇಳೋಕೂ ಮುಜುಗರ. ದೇಹದ ಅಂಗಗಳ ಹೆಸರಿರುವ ನೂರು ಇಡಿಯಮ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೇನೆ. ಆದರೂ ಮೀಟಿಂಗ್‌ನಲ್ಲಿ ಎಡವುತ್ತೇನೆ. ಇವುಗಳ ಹುಟ್ಟಿನ ಬಗ್ಗೆ ವಾಟ್ಸಾಪ್‌ನಲ್ಲಿ ಬರುವ ಕಥೆಗಳು ನಿಜವಾ? ಏಳನೇ ಕ್ಲಾಸಿನ ಮಗಳು ಬೇರೆ ‘ಬೈ ದ ಸ್ಕಿನ್ ಆಫ್ ಮೈ ಟೀತ್’ ಓದಿ, ಹಲ್ಲಿಗೆ ಚರ್ಮ ಎಲ್ಲಿದೆ ಅಂತ ಕೇಳುತ್ತಿದ್ದಾಳೆ.

ಉತ್ತರ: ಮೊದಲು ಅಪ್ರೈಸಲ್ ವಿಷಯ ಮುಗಿಸಿಬಿಡೋಣ. ಅದು ಹೊಗಳಿಕೆ. ಅದೂ ಸುಮ್ನೆ ಬರೆಯುವಂಥ ಹೊಗಳಿಕೆಯಲ್ಲ. ‘ಫೈರ್ ಇನ್ ದ ಬೆಲ್ಲಿ’ ಅಂದರೆ ಛಲ, ಹಿಡಿದ ಕೆಲಸ ಮಾಡಿಯೇ ತೀರಬೇಕು ಅನ್ನುವ ಹಟ. ಆಟಗಾರರ ಬಗ್ಗೆ, ಚುನಾವಣೆಗೆ ನಿಂತವರ ಬಗ್ಗೆ ಈ ಮಾತು ಜಾಸ್ತಿ ಕೇಳುತ್ತೇವೆ. ಒಬ್ಬ ಆಟಗಾರನಲ್ಲಿ ಈಗ ಆ ಬೆಂಕಿ ಇಲ್ಲ ಅಂದರೆ ಅವನು ನಿವೃತ್ತಿಗೆ ಹತ್ತಿರ ಬಂದ ಅಂತಲೇ ಲೆಕ್ಕ. ನಿಮ್ಮ ಮ್ಯಾನೇಜರ್‌ಗೆ ಒಂದು ಥ್ಯಾಂಕ್ಸ್ ಬಾಕಿ ಇದೆ, ಹೇಳಿಬಿಡಿ.

ನೀವು ಬೇಜಾರು ಮಾಡಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಕನ್ನಡದಲ್ಲಿ ಹೊಟ್ಟೆಯೊಳಗಿನ ಬೆಂಕಿಗೆ ಒಳ್ಳೆಯ ಹೆಸರೇ ಇಲ್ಲ. ಹೊಟ್ಟೆಕಿಚ್ಚು, ಹೊಟ್ಟೆಯುರಿ, ಹೊಟ್ಟೆಗೆ ಬೆಂಕಿ ಬಿದ್ದವರ ಹಾಗೆ ಆಡೋದು. ಹಸಿವನ್ನು ಬಿಟ್ಟರೆ ನಮ್ಮ ಹೊಟ್ಟೆ ಉರಿಯೋದು ಪಕ್ಕದ ಮನೆಯವರು ಕಾರು ತಗೊಂಡಾಗಲೇ. ಇಂಗ್ಲಿಷಿನಲ್ಲಿ ಆ ಸಂಕಟ ಹೊಟ್ಟೆಯಲ್ಲಿಲ್ಲ, ಕಣ್ಣಿನಲ್ಲಿದೆ. ಷೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕದಲ್ಲಿ ಇಯಾಗೊ ಅದನ್ನು ಹಸಿರು ಕಣ್ಣಿನ ರಾಕ್ಷಸ ಅನ್ನುತ್ತಾನೆ. ಇವತ್ತಿಗೂ ಅಸೂಯೆಪಟ್ಟವರು ಅಲ್ಲಿ ಹಸಿರಾಗುತ್ತಾರೆ, ಇಲ್ಲಿ ಉರಿಯುತ್ತಾರೆ.

ನಿಮ್ಮ ನೂರರ ಪಟ್ಟಿ ಯಾಕೆ ಕೈಗೆ ಒದಗುತ್ತಿಲ್ಲ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಪೂರ್ತಿ ಹೊಸ ಮಾತು ಕಿವಿಗೆ ಬಿದ್ದರೆ ನಾವು ನಿಲ್ಲುತ್ತೇವೆ. ‘ಎಲ್ಬೊ ಗ್ರೀಸ್’ ಅಂದರೆ ಮೊಣಕೈಗೆ ಹಚ್ಚುವ ಗ್ರೀಸ್ ಅಂತ ಯಾರೂ ನಂಬುವುದಿಲ್ಲ. ಏನೋ ಬೇರೆ ಇದೆ ಅಂತ ಹುಡುಕುತ್ತೇವೆ, ಮೈಮುರಿದು ತಿಕ್ಕಿ ತೊಳೆಯುವ ಕೆಲಸ ಅಂತ ಗೊತ್ತಾಗುತ್ತದೆ, ಮುಗಿಯಿತು. ಕೈ ಕೊಡುವುದು ಇನ್ನೊಂದು ಜಾತಿಯವು. ನೋಡೋಕೆ ಅಚ್ಚು ಕನ್ನಡದ ಮಾತಿನ ಹಾಗೇ ಇರುತ್ತವೆ, ಅರ್ಥ ಮಾತ್ರ ಬೇರೆ. ಅಲ್ಲಿ ಅನುಮಾನವೇ ಬರುವುದಿಲ್ಲ. ನೂರು ವರ್ಷದ ಪರಿಚಯ ಇದ್ದವರಂತೆ ತಲೆಯಾಡಿಸಿ ಮುಂದೆ ಹೋಗುತ್ತೇವೆ. ಇಪ್ಪತ್ತು ಮೂವತ್ತು ಇಂಥವುಗಳನ್ನು ಗುರುತಿಸಿಟ್ಟುಕೊಂಡರೆ, ಪಟ್ಟಿಯ ಉಳಿದವು ತಾವಾಗಿ ಬರುತ್ತವೆ.

ಕರುಳನ್ನೇ ತಗೊಳ್ಳಿ. ‘ಗಟ್ಸ್’ ಅಂದರೆ ಕರುಳು. ‘ಹಿ ಹ್ಯಾಸ್ ನೋ ಗಟ್ಸ್’ ಅಂದರೆ ಅವನು ಪುಕ್ಕಲ. ಅದನ್ನೇ ಕನ್ನಡಕ್ಕೆ ತಂದು ‘ಅವನಿಗೆ ಕರುಳಿಲ್ಲ’ ಅಂದರೆ ಅವನು ಕಟುಕ. ನಮಗೆ ಕರುಳು ಅಂದರೆ ತಾಯಿ, ಮಮತೆ, ಕನಿಕರ. ಮಗು ಅತ್ತರೆ ಕರುಳು ಚುರುಕ್ ಅನ್ನುತ್ತದೆ. ಧೈರ್ಯ ಬೇಕಾದರೆ ನಾವು ಹೋಗೋದು ಎದೆಗೆ, ಗುಂಡಿಗೆಗೆ. ‘ಅದಕ್ಕೆಲ್ಲ ಗುಂಡಿಗೆ ಬೇಕು ಕಣೋ’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಎದುರುಬದುರು: ಧೈರ್ಯ ಕರುಳಿನಲ್ಲಿ, ಕನಿಕರ ಹೃದಯದಲ್ಲಿ. ‘ಹ್ಯಾವ್ ಎ ಹಾರ್ಟ್’ ಅಂತ ಯಾರಾದರೂ ಹೇಳಿದರೆ, ಧೈರ್ಯ ತಗೋ ಅಂತಲ್ಲ, ಸ್ವಲ್ಪ ಕನಿಕರ ತೋರಿಸಪ್ಪ ಅಂತ. ನಾವು ‘ಗಟ್ಟಿ ಗುಂಡಿಗೆಯವನು’ ಅಂತ ಬೆನ್ನು ತಟ್ಟುತ್ತೇವೆ. ಅದನ್ನೇ ‘ಹಾರ್ಡ್ ಹಾರ್ಟೆಡ್’ ಅಂತ ಇಂಗ್ಲಿಷ್ ಮಾಡಿದಿರೋ, ಬೈದ ಹಾಗಾಗುತ್ತದೆ.

ಇದರಲ್ಲಿ ಒಂದು ತಮಾಷೆಯಿದೆ. ಇಂಗ್ಲಿಷಿಗೂ ಒಂದು ಕಾಲದಲ್ಲಿ ನಮ್ಮ ಹಾಗೇ ಕರುಳೇ ಕರುಣೆಯ ಜಾಗವಾಗಿತ್ತು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ, ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ‘ಬವೆಲ್ಸ್ ಆಫ್ ಮರ್ಸೀಸ್’ ಎಂಬ ಮಾತಿದೆ. ಕರುಣೆಯ ಕರುಳು! ಮೂಲ ಗ್ರೀಕಿನಲ್ಲಿದ್ದ ಮಾತನ್ನು ಇದ್ದ ಹಾಗೇ ಇಳಿಸಿದ್ದರು. ಆಮೇಲೆ ಬಂದ ಅನುವಾದಗಳು ಅದನ್ನು ಸಂಕೋಚಪಟ್ಟು ಕೈಬಿಟ್ಟವು. ಇವತ್ತು ಇಂಗ್ಲಿಷಿನಲ್ಲಿ ಆ ಪದ ಉಳಿದಿರೋದು ಹೆಚ್ಚಾಗಿ ಡಾಕ್ಟರ ಹತ್ತಿರ.

ಇಂಥ ವ್ಯತ್ಯಾಸಗಳು ಸುಮ್ಮನೆ ಹುಟ್ಟಿದವಲ್ಲ. ಹಳೆಯ ಯುರೋಪಿನ ವೈದ್ಯದಲ್ಲಿ ನಾಲ್ಕು ರಸಗಳ ಲೆಕ್ಕ ಇತ್ತು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಯಾವುದು ಹೆಚ್ಚಾದರೆ ಮನುಷ್ಯನ ಸ್ವಭಾವ ಹೇಗೆ ಎಂದು ಅದರ ಮೇಲೆ ಹೇಳುತ್ತಿದ್ದರು. ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ, ರಕ್ತ ಕಮ್ಮಿಯಾಗಿ ಬಿಳಿಚಿಕೊಂಡರೆ ಅವನು ಹೇಡಿ. ‘ಮ್ಯಾಕ್‌ಬೆತ್’ ನಾಟಕದಲ್ಲಿ ಹೆದರಿ ಓಡಿಬಂದ ಆಳನ್ನು ದೊರೆ ‘ಲಿಲಿ ಲಿವರ್ಡ್’ ಎಂದು ಬೈಯುವುದು ಇದಕ್ಕೇ. ಕೋಪ ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, ಕೂಡುತ್ತದೆ ಎಂದು ನಂಬಿದ್ದರಿಂದ ‘ವೆಂಟ್ ಯುವರ್ ಸ್ಪ್ಲೀನ್’ ಅಂದರೆ ಒಳಗಿನ ಸಿಟ್ಟು ಕಾರಿಕೊಳ್ಳೋದು. ನಮ್ಮಲ್ಲಿ ವಾತ, ಪಿತ್ತ, ಕಫ. ಹಾಗಾಗಿ ಸಿಟ್ಟು ಬಂದರೆ ಪಿತ್ತ ನೆತ್ತಿಗೇರುತ್ತದೆ. ಯುರೋಪಿನಲ್ಲಿ ಆ ವೈದ್ಯ ಬದಲಾಯಿತು. ಮಾತು ಉಳಿದುಕೊಂಡಿತು.

ಈಗ ಆಫೀಸಿಗೆ ಬರೋಣ. ಅಲ್ಲಿ ನಿಮ್ಮನ್ನು ಜಾಸ್ತಿ ಕಾಡೋದು ಕೈ. ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎಲ್ಲಾದರೂ ಸಿಕ್ಕರೆ ‘ಕೈ’ ಪದ ತೆಗೆದು ನೋಡಿ, ನಾವು ಕೈಯಿಂದ ಎಷ್ಟು ಮಾತು ಕಟ್ಟಿಕೊಂಡಿದ್ದೇವೆ ಅಂತ ಗೊತ್ತಾಗುತ್ತದೆ. ಅದಕ್ಕೇ ಗೊಂದಲವೂ ಅಲ್ಲೇ. ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸ್ವಲ್ಪ ಸಹಾಯ ಮಾಡು. ಕನ್ನಡದಲ್ಲಿ ಕೈ ಕೊಟ್ಟ ಅಂದರೆ ನಡುನೀರಿನಲ್ಲಿ ಬಿಟ್ಟುಹೋದ. ಬೈಕ್ ಕೈ ಕೊಡುತ್ತದೆ, ಮಳೆ ಕೈ ಕೊಡುತ್ತದೆ, ನಂಬಿದ ಗೆಳೆಯ ಕೈ ಕೊಡುತ್ತಾನೆ. ಸಾಲದ್ದಕ್ಕೆ ‘ಗಿವ್ ಹರ್ ಎ ಬಿಗ್ ಹ್ಯಾಂಡ್’ ಅಂದರೆ ಜೋರಾಗಿ ಚಪ್ಪಾಳೆ ತಟ್ಟಿ ಅಂತ.

ಕೈ ಹಿಡಿಯೋದೂ ಹಾಗೇ. ನಮ್ಮಲ್ಲಿ ಕೈ ಹಿಡಿದರೆ ಮದುವೆ, ಇಲ್ಲವೇ ‘ಈ ವರ್ಷ ಈರುಳ್ಳಿ ಕೈ ಹಿಡಿಯಿತು’ ಅನ್ನುವಂಥ ಒಳ್ಳೆಯ ಸುದ್ದಿ. ಆದರೆ ಲಂಡನ್‌ನವರು ‘ದಿಸ್ ಟೀಮ್ ನೀಡ್ಸ್ ಎ ಲಾಟ್ ಆಫ್ ಹ್ಯಾಂಡ್ ಹೋಲ್ಡಿಂಗ್’ ಅಂದರೆ ಖುಷಿಪಡಬೇಡಿ. ಪ್ರತಿ ಹೆಜ್ಜೆಗೂ ಹೇಳಿಕೊಡಬೇಕು, ತಾವಾಗಿ ಮಾಡಲ್ಲ ಅನ್ನುವ ಮೆಲುದನಿಯ ದೂರು ಅದು. ಕೈ ಎತ್ತೋದು ಇನ್ನೊಂದು. ನಮ್ಮಲ್ಲಿ ಕೈ ಎತ್ತಿದ ಅಂದರೆ ನನ್ನಿಂದಾಗಲ್ಲ ಎಂದು ಬಿಟ್ಟ, ಇಲ್ಲವೇ ಹೊಡೆಯೋಕೆ ಹೋದ. ‘ಐ ಪುಟ್ ಮೈ ಹ್ಯಾಂಡ್ ಅಪ್ ಫಾರ್ ದಟ್ ಪ್ರಾಜೆಕ್ಟ್’ ಅಂದರೆ ಆ ಕೆಲಸ ನಾನು ಮಾಡ್ತೀನಿ ಅಂತ ಮುಂದೆ ಬಂದೆ. ಬ್ರಿಟನ್‌ನಲ್ಲಿ ‘ಹ್ಯಾಂಡ್ಸ್ ಅಪ್, ಅದು ನನ್ನ ತಪ್ಪು’ ಎಂದು ಒಪ್ಪಿಕೊಳ್ಳುವಾಗಲೂ ಹೇಳುತ್ತಾರೆ. ‘ಮೈ ಹ್ಯಾಂಡ್ಸ್ ಆರ್ ಟೈಡ್’ ಮಾತ್ರ ನಮ್ಮ ‘ಕೈ ಕಟ್ಟಿಹಾಕಿದ ಹಾಗಾಗಿದೆ’ಗೆ ಸರಿಸಮ. ಅದನ್ನು ಹೆದರದೆ ಬಳಸಿ.

ತಲೆ ಮತ್ತು ಕಿವಿಯಲ್ಲೂ ಒಂದು ಅದಲುಬದಲಿದೆ. ಒಬ್ಬರು ಬಿಡದೆ ಮಾತಾಡಿ ಸುಸ್ತು ಮಾಡಿದರೆ ನಾವು ‘ತಲೆ ತಿಂದ’ ಅನ್ನುತ್ತೇವೆ. ಅವರು ‘ಹಿ ಚ್ಯೂಡ್ ಮೈ ಇಯರ್ ಆಫ್’ ಅನ್ನುತ್ತಾರೆ, ಕಿವಿ ಅಗಿದು ಹಾಕಿದ ಅಂತ. ‘ಹಿ ಬಿಟ್ ಮೈ ಹೆಡ್ ಆಫ್’ ಅಂದರೆ ತಲೆ ತಿಂದದ್ದಲ್ಲ, ಏನೋ ಸಣ್ಣದು ಕೇಳಿದ್ದಕ್ಕೆ ಹರಿಹಾಯ್ದ. ನಮ್ಮ ಕಿವಿ ಕಚ್ಚುವವರು ಗುಟ್ಟು ಹೇಳುವವರು, ಚಾಡಿ ಹೇಳುವವರು. ಹೆಬ್ಬೆರಳಿನದೂ ಇದೇ ಪಾಡು. ‘ಐ ಆಮ್ ಆಲ್ ಥಂಬ್ಸ್’ ಅಂತ ಯಾರಾದರೂ ಹೇಳಿದರೆ ಅವರು ಹೆಬ್ಬೆಟ್ಟಿನವರು, ಓದುಬರಹ ಬಾರದವರು ಅಂತಲ್ಲ. ಸೂಜಿಗೆ ದಾರ ಪೋಣಿಸೋಕೆ ಹೋಗಿ ಪರದಾಡುವವರು, ಕೈಯಲ್ಲಿ ನಾಜೂಕಿಲ್ಲದವರು, ಅಷ್ಟೇ.

ಇನ್ನು ಕಾಲೆಳೆಯೋದು. ಇದರ ಕಥೆ ಸ್ವಲ್ಪ ಉದ್ದ. ಕನ್ನಡದಲ್ಲಿ ಮೊದಲಿನಿಂದ ಕಾಲೆಳೆಯುವವರು ಅಂದರೆ ಮೇಲೆ ಹೋಗುತ್ತಿರುವವರನ್ನು ಕೆಳಗೆ ಜಗ್ಗುವವರು. ಇಂಗ್ಲಿಷಿನ ‘ಪುಲ್ಲಿಂಗ್ ಮೈ ಲೆಗ್’ ಬಂದು ಸೇರಿದ ಮೇಲೆ ಅದೇ ಮಾತಿಗೆ ತಮಾಷೆ ಮಾಡೋದು, ಚುಡಾಯಿಸೋದು ಅನ್ನುವ ಅರ್ಥವೂ ಬಂತು. ಈಗ ಪತ್ರಿಕೆಯಲ್ಲಿ ‘ಸಚಿವರ ಕಾಲೆಳೆದ ಶಾಸಕ’ ಎಂಬ ತಲೆಬರಹ ನೋಡಿದರೆ ನಕ್ಕರೋ ಕೆಡವಿದರೋ ಒಳಗೆ ಓದಿಯೇ ತಿಳಿಯಬೇಕು. ಬ್ರಿಟನ್‌ನಲ್ಲಿ ಇದರ ಅರ್ಥ ಇನ್ನೂ ಕಿರಿದು. ತಮಾಷೆಗಾಗಿ ಸುಳ್ಳು ಹೇಳಿ ನಂಬಿಸೋದು ಮಾತ್ರ. ‘ಆರ್ ಯು ಪುಲ್ಲಿಂಗ್ ಮೈ ಲೆಗ್?’ ಅಂದರೆ ‘ನಿಜವಾಗ್ಲೂನಾ, ಇಲ್ಲ ಬೂಸಿ ಬಿಡ್ತಿದ್ದೀರಾ?’ ಅಂತ. ಹೊಸದಾಗಿ ಸೇರಿದವರನ್ನು ಎಲ್ಲರೂ ಸೇರಿ ರೇಗಿಸೋದಕ್ಕೆ ನಮ್ಮ ಆಫೀಸುಗಳಲ್ಲಿ ‘ಲೆಗ್ ಪುಲ್ಲಿಂಗ್’ ಅನ್ನುತ್ತೇವಲ್ಲ, ಅದು ನಿಮ್ಮ ಮ್ಯಾನೇಜರ್‌ಗೆ ಥಟ್ಟನೆ ಹೊಳೆಯುವುದಿಲ್ಲ.

ಮೀಟಿಂಗ್‌ನಲ್ಲಿ ಎಡವೋದಕ್ಕೆ ಇನ್ನೊಂದು ಕಾರಣ ಇದೆ, ಪಟ್ಟಿಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಮಾತಿನ ಕನ್ನಡದಲ್ಲಿ ಭುಜದಿಂದ ಬೆರಳಿನವರೆಗೂ ಕೈ. ತೊಡೆಯಿಂದ ಪಾದದವರೆಗೂ ಕಾಲು. ತೋಳು, ಪಾದ ಅನ್ನುವ ಪದಗಳಿವೆ, ಆದರೆ ‘ತೋಳು ಮುರಿದುಕೊಂಡ’ ಅನ್ನುವವರು ಎಷ್ಟು ಜನ? ಕೈ ಮುರಿದುಕೊಂಡ, ಅಷ್ಟೇ. ಇಂಗ್ಲಿಷಿನಲ್ಲಿ ‘ಹ್ಯಾಂಡ್’ ಮಣಿಕಟ್ಟಿಗೆ ಮುಗಿಯುತ್ತದೆ, ಅಲ್ಲಿಂದ ಮೇಲೆ ‘ಆರ್ಮ್’. ‘ಫುಟ್’ ಬೇರೆ, ‘ಲೆಗ್’ ಬೇರೆ. ಕೈಬೆರಳು, ಕಾಲ್ಬೆರಳು ನಮಗೆ ಎರಡೂ ಬೆರಳೇ. ಅವರಿಗೆ ಎರಡು ಬೇರೆಬೇರೆ ಪದ. ಹಾಗಾಗಿ ನಮ್ಮ ಬಾಯಲ್ಲಿ ‘ಡೋಂಟ್ ಪುಲ್ ಮೈ ಫುಟ್’ ಬರುತ್ತದೆ, ‘ಐ ಪುಟ್ ಮೈ ಲೆಗ್ ಇನ್ ಮೈ ಮೌತ್’ ಬರುತ್ತದೆ. ಎಳೆಯೋದು ಲೆಗ್. ಆಡಬಾರದ್ದು ಆಡಿ ಬಾಯಿಗೆ ತುರುಕಿಕೊಳ್ಳೋದು ಫುಟ್. ಬಲವಂತ ಮಾಡಿ ಒಪ್ಪಿಸೋದಕ್ಕೆ ತಿರುಚೋದು ಆರ್ಮ್, ಹ್ಯಾಂಡ್ ಅಲ್ಲ. ಇಡಿಯಮ್‌ನಲ್ಲಿ ಒಂದು ಅಂಗ ಬದಲಾದರೂ ಎದುರಿನವರಿಗೆ ಅದು ಇಡಿಯಮ್ ಆಗಿ ಕೇಳಿಸುವುದಿಲ್ಲ, ನಿಜವಾಗಿ ಕಾಲಿಗೆ ಏನೋ ಆಗಿದೆ ಅಂದುಕೊಳ್ಳುತ್ತಾರೆ.

ಒಂದು ಉದಾಹರಣೆ ನಿಮ್ಮ ಕಂಪನಿಯಲ್ಲೇ ಇದೆ. ಅಕೌಂಟ್ಸ್‌ನವರನ್ನು ಕೇಳಿ, ‘ಆರ್ಮ್ಸ್ ಲೆಂಗ್ತ್ ಪ್ರೈಸ್’ ಗೊತ್ತಿರುತ್ತದೆ. ಒಂದೇ ಮನೆತನದ ಎರಡು ಕಂಪನಿಗಳು, ಒಂದು ಲಂಡನ್‌ನಲ್ಲಿ ಒಂದು ಬೆಂಗಳೂರಿನಲ್ಲಿ ಇದ್ದು, ತಮ್ಮತಮ್ಮಲ್ಲೇ ಕೊಡುಕೊಳ್ಳುವಾಗ ಸಂಬಂಧವಿಲ್ಲದ ಹೊರಗಿನವರಿಗೆ ಹಾಕುವಂಥ ಬೆಲೆಯನ್ನೇ ಹಾಕಬೇಕು. ನಮ್ಮ ಆದಾಯ ತೆರಿಗೆ ಕಾನೂನಿನಲ್ಲೇ ಈ ಮಾತಿದೆ. ಯಾರನ್ನಾದರೂ ಒಂದು ತೋಳಿನಷ್ಟು ದೂರ ಇಡೋದು ಅನ್ನುವ ಹಳೇ ಇಡಿಯಮ್ ಹೋಗಿ ಕಾನೂನಿನ ಪುಸ್ತಕದಲ್ಲಿ ಕೂತಿದೆ.

ಇನ್ನು ಹುಟ್ಟಿನ ಕಥೆಗಳು. ನೇರವಾಗಿ ಹೇಳುತ್ತೇನೆ: ಫಾರ್ವರ್ಡ್ ಆಗಿ ಬರುವ ಕಥೆ ಎಷ್ಟು ಚೆಂದವೋ ಅಷ್ಟು ಅನುಮಾನಪಡಿ. ‘ಕಾಸ್ಟ್ ಆನ್ ಆರ್ಮ್ ಅಂಡ್ ಎ ಲೆಗ್’, ಅಂದರೆ ಸಿಕ್ಕಾಪಟ್ಟೆ ದುಬಾರಿ ಅನ್ನುವ ಮಾತಿನ ಬಗ್ಗೆ ಓದಿರುತ್ತೀರಿ. ಜಾರ್ಜ್ ವಾಷಿಂಗ್ಟನ್ ಕಾಲದಲ್ಲಿ ಚಿತ್ರಗಾರರು ಕೈಕಾಲು ಬರೆಯೋಕೆ ಬೇರೆ ದುಡ್ಡು ಕೇಳುತ್ತಿದ್ದರು, ಅದಕ್ಕೇ ಜನ ಕೈ ಬೆನ್ನಹಿಂದೆ ಇಟ್ಟುಕೊಂಡು ಚಿತ್ರ ಬರೆಸಿಕೊಂಡರು ಅಂತ. ವಾಷಿಂಗ್ಟನ್ ತೀರಿಕೊಂಡದ್ದು 1799ರಲ್ಲಿ. ಈ ಮಾತು ಅಚ್ಚಿನಲ್ಲಿ ಕಾಣಿಸಿಕೊಳ್ಳೋದು 20ನೇ ಶತಮಾನದ ನಡುವಿನಲ್ಲಿ, ಅಮೆರಿಕದ ಪತ್ರಿಕೆಗಳಲ್ಲಿ. ನೂರೈವತ್ತು ವರ್ಷ ಜನ ಬಾಯಿಮುಚ್ಚಿಕೊಂಡು ಇದ್ದರಾ? ಕಥೆ ಹೇಳುವ ಕಾಲಕ್ಕೂ ಮಾತು ಮೊದಲು ಸಿಗುವ ಕಾಲಕ್ಕೂ ಇಷ್ಟು ಅಂತರ ಇದ್ದರೆ ಕಥೆ ಆಮೇಲೆ ಹೊಸೆದದ್ದು. ಯಾವ ಫಾರ್ವರ್ಡ್ ಬಂದರೂ ಇದೊಂದನ್ನು ನೋಡಿ, ಸಾಕು.

‘ರೂಲ್ ಆಫ್ ಥಂಬ್’ ಕಥೆ ಇದಕ್ಕಿಂತ ಗಂಭೀರ. ಹೆಬ್ಬೆರಳಿಗಿಂತ ದಪ್ಪ ಇರದ ಕೋಲಿನಿಂದ ಗಂಡ ಹೆಂಡತಿಗೆ ಹೊಡೆಯಬಹುದು ಅನ್ನುವ ಇಂಗ್ಲಿಷ್ ಕಾನೂನಿನಿಂದ ಇದು ಬಂತು ಎನ್ನುತ್ತಾರೆ. ಅಂಥ ಲಿಖಿತ ಕಾನೂನು ಸಿಕ್ಕಿಲ್ಲ. ಆದರೆ ಕಥೆಗೆ ಬುಡವೇ ಇಲ್ಲ ಅಂತಲ್ಲ. 1782ರಲ್ಲಿ ಫ್ರಾನ್ಸಿಸ್ ಬುಲ್ಲರ್ ಎಂಬ ನ್ಯಾಯಾಧೀಶರು ಹಾಗೆ ಹೇಳಿದರು ಎಂಬ ಸುದ್ದಿ ಹಬ್ಬಿತು. ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಅವರನ್ನು ‘ಜಡ್ಜ್ ಥಂಬ್’ ಎಂದು ಬರೆದು, ಹೆಬ್ಬೆರಳಿನ ತುದಿ ಇರುವ ಕೋಲಿನ ಕಟ್ಟುಗಳನ್ನು ಅವರ ಕೈಗೆ ಕೊಟ್ಟು ಮಾನ ಹರಾಜು ಹಾಕಿದರು. ಆದರೆ ‘ರೂಲ್ ಆಫ್ ಥಂಬ್’ ಮಾತು ಅದಕ್ಕೂ ನೂರು ವರ್ಷ ಹಿಂದೆ, 17ನೇ ಶತಮಾನದಲ್ಲೇ ಇತ್ತು. ಅರ್ಥ ಅಂದಿಗೂ ಇಂದಿಗೂ ಒಂದೇ: ಅಳತೆಗೋಲಿಲ್ಲದೆ, ಅನುಭವದ ಮೇಲೆ ಹಾಕುವ ಅಂದಾಜು. ನಮಗಿದು ವಿವರಿಸಬೇಕಾದದ್ದೇ ಅಲ್ಲ. ಅಂಗುಲ, ಗೇಣು, ಮೊಳ, ಮಾರು ಎಲ್ಲವೂ ಮೈಮೇಲಿನ ಅಳತೆಗಳೇ. ಇವತ್ತಿಗೂ ಮಲ್ಲಿಗೆ ಮಾರುವವರು ಮೊಣಕೈಯಿಂದ ಬೆರಳಿನ ತುದಿಗೆ ಸರ ಹಿಡಿದು ಮೊಳ ಹಾಕುತ್ತಾರೆ. ಅವರ ಮೊಳವೇ ಮೊಳ. ನಿಮ್ಮ ಕೈ ಉದ್ದ ಇದ್ದರೆ ಪ್ರಯೋಜನವಿಲ್ಲ.

ಎಲ್ಲ ಕಥೆಯೂ ಸುಳ್ಳಲ್ಲ. ‘ಟರ್ನ್ ಎ ಬ್ಲೈಂಡ್ ಐ’ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್‌ರದ್ದು ಎನ್ನುತ್ತಾರೆ. ಅವರ ಬಲಗಣ್ಣಿಗೆ 1794ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿಯಲ್ಲಿ ಪೆಟ್ಟಾಗಿ ನೋಟ ಹೋಗಿತ್ತು. 1801ರ ಏಪ್ರಿಲ್ 2ರಂದು ಕೋಪನ್‌ಹೇಗನ್ ಯುದ್ಧದಲ್ಲಿ ಮೇಲಧಿಕಾರಿ ಹೈಡ್ ಪಾರ್ಕರ್ ಯುದ್ಧ ನಿಲ್ಲಿಸಿ ಎಂದು ಸಂಕೇತ ಏರಿಸಿದರು. ನೆಲ್ಸನ್ ನಿಲ್ಲಿಸಲಿಲ್ಲ, ಗೆದ್ದರು. ಇದಿಷ್ಟು ಚರಿತ್ರೆ. ದೂರದರ್ಶಕವನ್ನು ಕಾಣದ ಕಣ್ಣಿಗೆ ಹಿಡಿದು ‘ನನಗೇನೂ ಕಾಣಿಸುತ್ತಿಲ್ಲ’ ಅಂದರು ಅನ್ನೋದು ಆಮೇಲೆ ಹೇಳಿದ ಮಾತು. ನುಡಿಗಟ್ಟು ಅಲ್ಲೇ ಹುಟ್ಟಿತು ಅನ್ನೋದಕ್ಕೆ ಗಟ್ಟಿ ಆಧಾರವಿಲ್ಲ. ಜನಪ್ರಿಯ ಮಾಡಿದ್ದು ಮಾತ್ರ ಅವರೇ. ಕನ್ನಡದಲ್ಲಿ ಇದಕ್ಕೆ ಎಷ್ಟು ಅಚ್ಚುಕಟ್ಟಾದ ಪದ ಇದೆ ನೋಡಿ: ಜಾಣಕುರುಡು. ‘ಟರ್ನ್ ಎ ಡೆಫ್ ಇಯರ್’ಗೆ ಜಾಣಕಿವುಡು. ಇಂಗ್ಲಿಷಿನಲ್ಲಿ ಈಗ ಅಂಗವೈಕಲ್ಯವನ್ನು ಹೀಗೆ ಬಳಸಬಾರದು ಎಂದು ಕೆಲವು ಆಫೀಸುಗಳಲ್ಲಿ ಇವೆರಡನ್ನೂ ದೂರ ಇಡುತ್ತಾರೆ. ಬರವಣಿಗೆಯಲ್ಲಿ ‘ಇಗ್ನೋರ್’ ಅಂದುಬಿಡಿ, ಯಾರಿಗೂ ನೋವಿಲ್ಲ.

ಮಗಳ ಪ್ರಶ್ನೆ ಚೆನ್ನಾಗಿದೆ. ಹಲ್ಲಿಗೆ ಚರ್ಮ ಇಲ್ಲ, ಮಾತಿನ ಜೀವ ಇರೋದೇ ಅಲ್ಲಿ. ಇದು ಬೈಬಲ್‌ನ ಯೋಬನ ಗ್ರಂಥದ 19ನೇ ಅಧ್ಯಾಯದ್ದು. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡ ಯೋಬ, ಹಲ್ಲಿನ ಚರ್ಮದಷ್ಟರಲ್ಲಿ ತಪ್ಪಿಸಿಕೊಂಡೆ ಅನ್ನುತ್ತಾನೆ. ಇಲ್ಲದ ಚರ್ಮದಷ್ಟೇ ಅಂತರ! ನಾವು ಕೂದಲೆಳೆಯಲ್ಲಿ ಪಾರಾಗುತ್ತೇವೆ. ನಮ್ಮ ಲೆಕ್ಕದಲ್ಲಿ ಒಂದು ಕೂದಲಾದರೂ ಇದೆ, ಯೋಬನಿಗೆ ಅದೂ ಇರಲಿಲ್ಲ.

ಬೈಬಲ್‌ನದೇ ಇನ್ನೊಂದನ್ನು ಅವಳಿಗೆ ಹೇಳಿ, ಇಷ್ಟವಾಗುತ್ತದೆ. ‘ದ ಆಪಲ್ ಆಫ್ ಮೈ ಐ’ ಅಂದರೆ ಕಣ್ಣಿನ ಸೇಬು ಅಂತಲ್ಲ, ತುಂಬಾ ಮುದ್ದಿನವರು. ಹಳೆಯ ಇಂಗ್ಲಿಷಿನಲ್ಲಿ ಕಣ್ಣಿನ ನಡುವಿನ ಕಪ್ಪು ಗುಂಡಗಿರುವುದರಿಂದ ಅದನ್ನು ಆಪಲ್ ಅನ್ನುತ್ತಿದ್ದರು. ಇಂಗ್ಲಿಷ್ ಬೈಬಲ್‌ಗಳು ಈ ಮಾತಿಟ್ಟ ಹಲವು ಕಡೆ ಹೀಬ್ರೂ ಮೂಲದಲ್ಲಿ ಇರೋದು ಕಣ್ಣೊಳಗಿನ ಪುಟ್ಟ ಮನುಷ್ಯ. ಲ್ಯಾಟಿನ್‌ನಲ್ಲಿ ಅದು ‘ಪ್ಯುಪಿಲ್ಲಾ’, ಪುಟ್ಟ ಗೊಂಬೆ. ‘ಪ್ಯೂಪಿಲ್’ ಬಂದದ್ದು ಅಲ್ಲಿಂದ. ಕನ್ನಡದಲ್ಲಿ? ಕಣ್ಣಿನ ಪಾಪೆ. ಪಾಪೆ ಅಂದರೂ ಗೊಂಬೆಯೇ. ಅವಳನ್ನು ಹತ್ತಿರ ಕೂರಿಸಿಕೊಂಡು ನಿಮ್ಮ ಕಣ್ಣೊಳಗೆ ಇಣುಕಿ ನೋಡು ಅನ್ನಿ. ಅವಳದೇ ಪುಟ್ಟ ಬಿಂಬ ಅಲ್ಲಿ ಕಾಣುತ್ತದೆ. ಬೇರೆಬೇರೆ ಮೂರು ನಾಡಿನ ಜನ ಅದನ್ನೇ ನೋಡಿ ಅದೇ ಹೆಸರಿಟ್ಟರು. ಮಕ್ಕಳನ್ನು ಕಣ್ಣಿನ ಪಾಪೆಯ ಹಾಗೆ ಸಾಕಿದರು ಅನ್ನುತ್ತೇವಲ್ಲ, ಆಪಲ್ ಆಫ್ ದ ಐ ಅದೇ.

ದನ, ಕುದುರೆ ಸಾಕಿದವರಿಗೆ ಕೆಲವು ಇಡಿಯಮ್‌ಗಳು ಪುಕ್ಕಟೆ ಸಿಗುತ್ತವೆ. ‘ಲೆಡ್ ಬೈ ದ ನೋಸ್’ ಅಂದರೆ ಮೂಗುದಾರ ಹಿಡಿದು ನಡೆಸಿದ ಹಾಗೆ ಇನ್ನೊಬ್ಬರು ಹೇಳಿದ ಕಡೆ ಹೋಗೋದು. ‘ಲಾಂಗ್ ಇನ್ ದ ಟೂತ್’ ಅಂದರೆ ವಯಸ್ಸಾದದ್ದು, ಯಾಕೆಂದರೆ ವಯಸ್ಸಾದ ಕುದುರೆಯ ವಸಡು ಸವೆದು ಹಲ್ಲು ಉದ್ದ ಕಾಣುತ್ತದೆ. ದನದ ಜಾತ್ರೆಗೆ ಹೋದವರು ಇದನ್ನು ನೋಡಿಯೇ ಇರುತ್ತೀರಿ: ಮಾತು ಆಡುವ ಮೊದಲು ಎತ್ತಿನ ತುಟಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ ಎಂದು ಎಣಿಸುತ್ತಾರೆ. ಪುಕ್ಕಟೆ ಬಂದ ಕುದುರೆಗೆ ಹೀಗೆ ಬಾಯಿ ಬಿಡಿಸಿ ನೋಡಬೇಡ ಅನ್ನೋದು ಇಂಗ್ಲಿಷ್ ಗಾದೆ. ನಮ್ಮದು ಇನ್ನೂ ಖಾರ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ.

‘ಕಾಟ್ ರೆಡ್ ಹ್ಯಾಂಡೆಡ್’ ಬಗ್ಗೆ ಹೇಳದೆ ಬಿಡೋಕೆ ಮನಸ್ಸಿಲ್ಲ. ಇದು ಸ್ಕಾಟ್ಲೆಂಡಿನ ಹಳೇ ಕಾನೂನಿನ ಮಾತು. ಕೈಗೆ ರಕ್ತ ಅಂಟಿದ್ದಾಗಲೇ ಸಿಕ್ಕಿಬಿದ್ದವನು. ನಮ್ಮ ಪತ್ರಿಕೆಗಳಲ್ಲಿ ‘ಲಂಚ ಪಡೆಯುವಾಗ ರೆಡ್‌ಹ್ಯಾಂಡ್ ಆಗಿ ಲೋಕಾಯುಕ್ತ ಬಲೆಗೆ’ ಎಂದು ಓದುತ್ತೀರಲ್ಲ, ಅಲ್ಲಿ ಕೈ ನಿಜವಾಗಿಯೂ ಕೆಂಪಾಗುತ್ತದೆ. ಹೆಚ್ಚುಕಮ್ಮಿ ಗುಲಾಬಿ ಅನ್ನಿ. ದೂರು ಕೊಟ್ಟವರ ನೋಟುಗಳಿಗೆ ಮೊದಲೇ ಫಿನಾಲ್ಫ್ತಲೀನ್ ಪುಡಿ ಸವರಿರುತ್ತಾರೆ. ನೋಟು ಮುಟ್ಟಿದವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ಕರಗಿಸಿದ ನೀರಿನಲ್ಲಿ ಅದ್ದಿಸುತ್ತಾರೆ. ಬಣ್ಣವಿಲ್ಲದ ನೀರು ಗುಲಾಬಿಯಾಗುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ, ಸೀಲ್ ಹಾಕಿ ಸಾಕ್ಷ್ಯ ಮಾಡುತ್ತಾರೆ. ಇಡಿಯಮ್ಮನ್ನು ಅಕ್ಷರಶಃ ನಡೆಸಿ ತೋರಿಸುವ ಇಲಾಖೆ ಇನ್ನೊಂದಿಲ್ಲ.

ಹಾಗಾದರೆ ಕಲಿಯೋದು ಹೇಗೆ? ಪಟ್ಟಿ ಮುಚ್ಚಿಡಿ. ಬದಲಿಗೆ ಫೋನಿನಲ್ಲಿ ಒಂದು ನೋಟ್ ತೆರೆಯಿರಿ. ಕಾಲ್‌ನಲ್ಲಿ ಅಥವಾ ಮೇಲ್‌ನಲ್ಲಿ ಅಂಗದ ಹೆಸರು ಬಂದಾಗೆಲ್ಲ ಆ ಇಡೀ ವಾಕ್ಯ ಬರೆದಿಡಿ, ಯಾರು ಯಾರಿಗೆ ಹೇಳಿದರು ಅಂತಲೂ. ಅದರ ಕೆಳಗೆ ಕನ್ನಡದಲ್ಲಿ ಅದೇ ಅಂಗದ ಮಾತು ಏನಿದೆ, ಅರ್ಥ ಒಂದೇನಾ ಬೇರೆಯಾ ಎಂದು ಒಂದು ಸಾಲು. ಮೂಗು ತೂರಿಸೋದು, ಬೆನ್ನಿಗೆ ಚೂರಿ, ಕಣ್ಣಿಗೆ ಮಣ್ಣೆರಚೋದು, ಮೂಗಿನ ಕೆಳಗೇ ನಡೆಯೋದು ಎರಡೂ ಕಡೆ ಒಂದೇ. ಅವುಗಳಿಗೆ ಟಿಕ್ ಹಾಕಿ ಬಿಟ್ಟುಬಿಡಿ, ಸಮಯ ಹಾಳು ಮಾಡಬೇಡಿ. ಬೇರೆ ಇರುವವುಗಳಿಗೆ ನಕ್ಷತ್ರ ಹಾಕಿ. ವಾರಕ್ಕೊಮ್ಮೆ ನಕ್ಷತ್ರದವನ್ನು ಮಾತ್ರ ಓದಿ. ಮಗಳಿಗೂ ಒಂದು ನೋಟ್‌ಬುಕ್ ಕೊಡಿ. ನಿಮಗಿಂತ ಬೇಗ ತುಂಬಿಸುತ್ತಾಳೆ.

ಅರ್ಥ ಗೊತ್ತಿರೋದು ನೂರಿರಲಿ, ಆಡೋದು ಹತ್ತು ಸಾಕು. ‘ಕುಡ್ ಯು ಗಿವ್ ಮಿ ಎ ಹ್ಯಾಂಡ್’, ‘ಮೈ ಹ್ಯಾಂಡ್ಸ್ ಆರ್ ಟೈಡ್’, ‘ಐ ವಿಲ್ ಕೀಪ್ ಆನ್ ಐ ಆನ್ ಇಟ್’, ‘ಆಫ್ ದ ಟಾಪ್ ಆಫ್ ಮೈ ಹೆಡ್’ ಇವು ಎಲ್ಲಿ ಬೇಕಾದರೂ ನಡೆಯುತ್ತವೆ. ಕೊನೆಯದು ಥಟ್ಟನೆ ನೆನಪಿಗೆ ಬಂದದ್ದು ಹೇಳುವಾಗ ಬಹಳ ಉಪಯೋಗ. ಲೆಕ್ಕ ತಪ್ಪಾದರೂ ಮಾನ ಉಳಿಯುತ್ತದೆ. ‘ಕೀಪ್ ಆನ್ ಐ ಆನ್’ ಅಂದರೆ ಗಮನ ಇಡೋದು. ಇದನ್ನು ಕಣ್ಣು ಹಾಕೋದು ಎಂದು ತಿಳಿದು ಹಿಂಜರಿಯಬೇಡಿ. ರಾಜೀನಾಮೆ ಪತ್ರ, ಕ್ಷಮೆ ಕೇಳುವ ಮೇಲ್, ಸಾವಿನ ಮನೆಯ ಸಂತಾಪ, ಇಲ್ಲಿ ಯಾವ ಇಡಿಯಮ್ಮೂ ಬೇಡ, ನೇರ ಮಾತೇ ಚೆಂದ. ‘ಬ್ರೇಕ್ ಎ ಲೆಗ್’ ನಾಟಕದವರ ಮಾತು. ವೇದಿಕೆ ಹತ್ತುವವರಿಗೆ ‘ಗುಡ್ ಲಕ್’ ಹೇಳಿದರೆ ಅಪಶಕುನ ಅಂತ ನಂಬಿ ಕಾಲು ಮುರಿದುಕೋ ಎಂದು ಹಾರೈಸುತ್ತಾರೆ. ಪ್ರೆಸೆಂಟೇಷನ್‌ಗೆ ಹೊರಟ ಸಹೋದ್ಯೋಗಿಗೆ ಧಾರಾಳವಾಗಿ ಹೇಳಿ. ಮೊಣಕಾಲಿನ ಆಪರೇಷನ್‌ಗೆ ರಜೆ ಹಾಕಿ ಹೊರಟವರಿಗೆ ಮಾತ್ರ ಬೇಡ.